ಅಳಿಸಿಹೋದ ಮೂಟೆಗಳು

ಸುಗ್ಗಿ ಮುಗಿಯುತ್ತಾ ಬಂದಿತ್ತು. ಗೋದಾಮಿನ ಅಂಗಳದಲ್ಲಿ ಬೆಳಗ್ಗೆಯಿಂದಲೇ ಗೋಧಿ ಮೂಟೆಗಳು ತಕ್ಕಡಿ ಏರಿ ಇಳಿಯುತ್ತಿದ್ದವು. ಕಚೇರಿಯ ಒಂಟಿ ಕಿಟಕಿಯ ಕೋಣೆಯಲ್ಲಿ, ಊರೆಲ್ಲ ಕಂಪ್ಯೂಟರಕ್ಕ ಎಂದು ಕರೆಯುವ ಹೆಂಗಸು ಕಪ್ಪು ಪರದೆಯ ಮೇಲೆ ಮೂಟೆಗಳ ಪಟ್ಟಿ ಕೇಳುವ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು.

ಅಂಥ ಪಟ್ಟಿ ಇಲ್ಲ ಎಂದಿತು ಯಂತ್ರ.

ಮತ್ತೆ ಒತ್ತಿದಳು. ಇಲ್ಲ.

ಮೂರು ದಿನ ಕೂತು, ಆಜ್ಞೆಯ ಮೇಲೆ ಆಜ್ಞೆ ಹೊಡೆದು, ಡೇಟಾಬೇಸ್ ಸರ್ವರ್ ಸ್ಥಾಪಿಸಿದ್ದಳು. ಯಾರು ಎಷ್ಟು ಮೂಟೆ ಹಾಕಿದರೆಂಬುದೆಲ್ಲ ನಿನ್ನೆ ಮಧ್ಯಾಹ್ನವೇ ಅದರೊಳಗೆ ಸೇರಿತ್ತು. ಹಳೆಯ ರಿಜಿಸ್ಟರನ್ನು ಮ್ಯಾನೇಜರ್ ಆಗಲೇ ರದ್ದಿಗೆ ಕಳಿಸಿದ್ದ.

"ಎಲ್ಲಾ ಅಳಿಸಿಬಿಟ್ಟೆಯಲ್ಲಮ್ಮಾ!" ಮ್ಯಾನೇಜರ್ ಬಾಗಿಲೆಳೆದು ಹೊರಗಿನಿಂದ ಬೀಗ ಜಡಿದ. "ಮನೇಲಿ ಕೂತು ಅಳಿಸಿದೆಯೋ, ಇಲ್ಲೇ ಅಳಿಸಿದೆಯೋ, ಪೊಲೀಸರೇ ಬಾಯಿ ಬಿಡಿಸ್ತಾರೆ. ಅಲ್ಲೀವರೆಗೆ ಒಳಗೇ ಬಿದ್ದಿರು!"

* * *

ಕೋಣೆಯಲ್ಲಿ ಫ್ಯಾನಿಲ್ಲ. ಸರ್ವರಿನ ಬಿಸಿಯುಸಿರು ಬೇರೆ. ಕಿಟಕಿಯ ಸರಳುಗಳ ತುಂಬ ರೈತರ ಮುಖಗಳು.

"ನಮ್ಮ ಮೂಟೆ ಎಲ್ಲಮ್ಮಾ?"

"ಒಳಗಿದ್ದಾಳಲ್ಲ, ಬಿಡಬೇಡಿ!"

ಅವಳು ಬೆವರೊರೆಸಿಕೊಂಡು, ಯಾವ ಆಜ್ಞೆ ಯಾವಾಗ ಬಂತೆಂದು ಬರೆದಿಡುವ ಸರ್ವರಿನ ದಿನಚರಿ ತೆರೆದಳು. ಪಟ್ಟಿ ಅಳಿಸಿದ್ದು ನಿನ್ನೆ ನಾಲ್ಕು ಹತ್ತಕ್ಕೆ. ಆಗ ಅವಳು ಹಮಾಲಿಗಳ ಎದುರೇ ಗೇಟಿನ ಕಂಬಕ್ಕೆ ತಂತಿ ಕಟ್ಟಿಸುತ್ತಿದ್ದಳು. ಹೊರಗಿನ ಯಂತ್ರಗಳ ಮಾತು ಕೇಳಲು ಸರ್ವರಿಗೆ ಅವಳಿನ್ನೂ ಅನುಮತಿ ಕೊಟ್ಟಿರಲಿಲ್ಲ. ಹಾಗಾದರೆ ಅಳಿಸಿದವನು ಇದೇ ಕುರ್ಚಿಯಲ್ಲಿ ಕೂತಿರಬೇಕು. ಕೋಣೆಗೆ ಕೀಲಿ ಎರಡೇ. ಒಂದು ಮ್ಯಾನೇಜರನದು, ಇನ್ನೊಂದು ತಕ್ಕಡಿ ನೋಡಿಕೊಳ್ಳುವ ಮುದುಕ ತೂಕದಣ್ಣನದು.

"ನಿನ್ನೆ ನಾಲ್ಕಕ್ಕೆ ತೂಕದಣ್ಣ ಎಲ್ಲಿದ್ದ?"

"ಮೂರಕ್ಕೇ ತಕ್ಕಡಿ ಬಿಟ್ಟು ಮಾಯ ಆಗಿದ್ದ ಕಣಕ್ಕಾ."

"ಹಾಗಾದ್ರೆ ಅವನೇ!" ತಡೆಯುವ ಮೊದಲೇ ಮಾತು ಬಾಯಿಂದ ಜಾರಿತು.

ಜನ ಮುದುಕನ ಕೊರಳಪಟ್ಟಿ ಹಿಡಿದರು. ಅಂಗಿ ಹರಿಯಿತು. ಅವನು ಇಬ್ಬರು ಹಮಾಲಿಗಳಿಗೆ ಸುಮ್ಮನಿರುವಂತೆ ಕಣ್ಸನ್ನೆ ಮಾಡಿದ.

* * *

ಇನ್‌ಸ್ಪೆಕ್ಟರ್ ಬಂದು ಬೀಗ ತೆಗೆಸಿ ಹೊಸ್ತಿಲಲ್ಲೇ ನಿಂತು ಅವಳ ಮಾತು ಕೇಳಿದ.

"ನಿನ್ನೆ ನಾಲ್ಕು ಹತ್ತಕ್ಕೆ ನೀವೆಲ್ಲಿದ್ರಿ ಮ್ಯಾನೇಜರೇ?"

"ಮೂರರಿಂದ ಐದರವರೆಗೆ ಗೋದಾಮಿನೊಳಗೆ ಸಾರ್. ಮೂಟೆ ಎಣಿಸ್ತಿದ್ದೆ."

ಪಕ್ಕದಲ್ಲಿ ತಂದು ನಿಲ್ಲಿಸಿದ್ದ ತೂಕದಣ್ಣನ ಹರಿದ ಅಂಗಿಯಿಂದ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಅವಳ ಮೂಗಿಗೆ ಬಡಿಯಿತು.

"ಅಣ್ಣಾ, ಇದೇನು ವಾಸನೆ? ಕೆಲಸ ಹೋದ್ರೂ ಹೋಗಲಿ, ಹೇಳಿಬಿಡು."

ಮುದುಕ ಕೈ ಮುಗಿದ. "ಗೋಧಿಗೆ ನುಸಿ ಬಿದ್ದಿತ್ತು. ಮ್ಯಾನೇಜರನ್ನ ಕೇಳಿ ಕೇಳಿ ಸಾಕಾಯ್ತು. ಅಪ್ಪಣೆ ಇಲ್ದೆ ನಿನ್ನೆ ಮೂರಕ್ಕೆ ವಿಷಗಾಳಿ ಬಿಡೋ ಮಾತ್ರೆ ಇಟ್ಟು ಗೋದಾಮು ಮುಚ್ಚಿದೆ. ಐದರವರೆಗೆ ಇಬ್ಬರು ಹಮಾಲಿಗಳ ಜೊತೆ ಬಾಗಿಲು ಕಾದೆ." ಮ್ಯಾನೇಜರನತ್ತ ತಿರುಗಿದ. "ನೀವು ಒಳಗಿದ್ದಿದ್ರೆ ಇವತ್ತು ಹೆಣ ಎತ್ತಬೇಕಾಗಿತ್ತು ಸ್ವಾಮಿ."

ಆ ಇಬ್ಬರು ಹಮಾಲಿಗಳೂ ಹೌದೆಂದು ತಲೆಯಾಡಿಸಿದರು. ಮ್ಯಾನೇಜರನ ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಅಳಿಸೋಕೆ ವಿದ್ಯೆ ಬೇಕಾಗಿರಲಿಲ್ಲ ಸಾರ್," ಎಂದಳು ಅವಳು. "ಪರದೆ ತೆರೆದಿಟ್ಟೇ ಹೋಗಿದ್ದೆ, ಅದು ನನ್ನ ತಪ್ಪು. ಕೀಬೋರ್ಡಿನ ಮೇಲ್ಬಾಣದ ಗುಂಡಿ ಒತ್ತಿದ್ರೆ ಹಿಂದೆ ಹೊಡೆದ ಆಜ್ಞೆಗಳು ಒಂದೊಂದಾಗಿ ಬರ್ತಾವೆ. ಪರೀಕ್ಷೆಗೆ ಅಂತ ಒಂದು ಖಾಲಿ ಪಟ್ಟಿ ಅಳಿಸಿದ್ದೆ. ಅದೇ ಸಾಲಿನಲ್ಲಿ ಇವರು ಪಟ್ಟಿ ಹೆಸರಷ್ಟೇ ಬದಲಾಯಿಸಿದ್ದಾರೆ."

"ಯಾಕೆ?"

"ಬಂದ ಮೂಟೆಗೂ ಒಳಗಿರೋ ಮೂಟೆಗೂ ಇವತ್ತು ತಾಳೆ ನೋಡಬೇಕಿತ್ತು. ಪಟ್ಟಿ ಇದ್ದಿದ್ರೆ ಕಮ್ಮಿ ಬಿದ್ದದ್ದು ಗೊತ್ತಾಗ್ತಿತ್ತು."

"ಎಷ್ಟು ಸಾಗಿಸಿದ್ರಿ?" ಇನ್‌ಸ್ಪೆಕ್ಟರ್ ಕೇಳಿದ.

"ಇನ್ನೂರು," ಎಂದ ಮ್ಯಾನೇಜರ್. ನೆಲ ನೋಡುತ್ತ.

* * *

ಮ್ಯಾನೇಜರನನ್ನು ಹತ್ತಿಸಿಕೊಂಡು ಜೀಪು ಹೋಯಿತು. ಬಾಗಿಲು ಹಾರುಹೊಡೆದಿತ್ತು, ಆದರೂ ಅವಳು ಹೊರಗೆ ಹೋಗುವಂತಿರಲಿಲ್ಲ. ರೈತರ ಕೈಯಲ್ಲಿ ಉಳಿದಿದ್ದ ತೂಕದ ಚೀಟಿಗಳನ್ನೆಲ್ಲ ಮೊದಲಿಂದ ಏರಿಸಬೇಕಿತ್ತು. ತೂಕದಣ್ಣ ಹರಿದ ಅಂಗಿಯಲ್ಲೇ ಕಿಟಕಿಯಾಚೆ ನಿಂತು ಚೀಟಿ ಬಿಡಿಸತೊಡಗಿದ.

"ಅಣ್ಣಾ, ಅವಸರದಲ್ಲಿ ನಿನ್ನ ಮೇಲೆ..."

ಅವನು ಚೀಟಿಯಿಂದ ತಲೆಯೆತ್ತಲಿಲ್ಲ.

"ಹದಿನೇಳು ಮೂಟೆ," ಎಂದ. "ಬರ್ಕೊಳ್ಳಿ."

ಅವಳು ಬರೆದುಕೊಂಡಳು.