ಎರಡನೇ ಬಿಸ್ಕತ್ತು

ಹೊರಗಿನಿಂದ ಚಿಲಕ ಬಿತ್ತು.

ಬಾಗಿಲು ಗುದ್ದಿದೆ. ಒದ್ದೆ. ಓಕ್ ಮರದ ಬಾಗಿಲು, ಜಗ್ಗಲಿಲ್ಲ!

"ವೆಸೆಲ್! ತಮಾಷೆ ಸಾಕು, ಬಾಗಿಲು ತೆಗಿ!"

ಭಾರವಾದ ಹೆಜ್ಜೆಗಳು ಮೆಟ್ಟಿಲಿಳಿದು ಹೋದವು... ನಿಧಾನವಾಗಿ, ಅವಸರವೇ ಇಲ್ಲದವನ ಹಾಗೆ.

ಹಾಡಹಗಲು, ಮಧ್ಯಾಹ್ನ ಎರಡೂಕಾಲು. ಅಟ್ಟದ ರೂಮು. ಒಂದು ಮಂಚ. ಇಳಿಜಾರು ಸೂರಿನಲ್ಲಿ ಒಂದು ಗಾಜಿನ ಕಿಂಡಿ, ಅದರ ಅಂಚಿಗೆಲ್ಲ ಗಾಳಿ ನುಸುಳದಂತೆ ಟೇಪು ಮೆತ್ತಿದ್ದರು. ಮೂಲೆಯಲ್ಲಿ ಹಳೆಯ ಗ್ಯಾಸ್ ಹೀಟರ್. ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಯಾಗಿ ತೂಗಾಡುತ್ತಿತ್ತು. ಆರಿಸುವ ತಿರುಪನ್ನು ಕಿತ್ತುಕೊಂಡು ಹೋಗಿದ್ದರು.

ಹತ್ತು ವರ್ಷ ವೆಲ್ಡಿಂಗ್ ಮಾಡಿದವನು ನಾನು. ಹಳದಿ ಜ್ವಾಲೆ ಅಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದರಿಂದ ಬರುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು. ಆಮೇಲೆ ನಿದ್ದೆ. ಆಮೇಲೆ... ಆಮೇಲೆ ಏನೂ ಇಲ್ಲ!

ನನಗಾಗಲೇ ತಲೆ ಸಿಡಿಯುತ್ತಿತ್ತು.

ಇಲ್ಲಿಗೆ ಹೇಗೆ ಬಂದು ಬಿದ್ದೆ ಅಂತ ಕೇಳುತ್ತೀರಾ? ಹೇಳುತ್ತೇನೆ, ಕೇಳಿ.

ನನ್ನ ಹೆಸರು ಡೆನಿಸ್ ಫೆನ್ವಿಕ್. ಹುಟ್ಟಿದ್ದು ಇಂಗ್ಲೆಂಡಿನ ಟೀಸ್ ನದಿಯ ದಂಡೆಯಲ್ಲಿ, ಹದಿನೆಂಟು ವರ್ಷದಿಂದ ಇರುವುದು ಡಚ್ಚರ ರಾಟರ್‌ಡ್ಯಾಮ್‌ನಲ್ಲಿ. ನಮ್ಮ ಕಡೆಯ ವೆಲ್ಡರ್‌ಗಳು ಇಲ್ಲಿನ ತೈಲ ಕಾರ್ಖಾನೆಗಳಿಗೆ ಕಂಟ್ರಾಕ್ಟ್ ಮೇಲೆ ಬರುತ್ತಾರೆ. ಮನೆ ಬಿಟ್ಟು ಬಂದವನಿಗೆ ತಂಗಲು ಜಾಗ ಬೇಕಲ್ಲ? ಆ ಬಾಡಿಗೆಯನ್ನು ಅವರನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿ ಕೊಡುತ್ತದೆ. ರಾತ್ರಿ ತಂಗಿದರೆ ಮಾತ್ರ ದುಡ್ಡು, ಅದು ನಿಯಮ. ರಸೀದಿ ಕಳಿಸಿದವನು ನಿಜವಾಗಿ ಅಲ್ಲಿ ಮಲಗುತ್ತಾನಾ ಅಂತ ನೋಡಿ ಬರುವುದು ನನ್ನ ಕೆಲಸ. ವ್ಯಾನಿನಲ್ಲಿ ಮಲಗಿ ಹೋಟೆಲ್ ಬಿಲ್ ಕೊಟ್ಟವನನ್ನು ಹಿಡಿದಿದ್ದೇನೆ. ಗೆಳತಿಯ ಮನೆಯಲ್ಲಿದ್ದುಕೊಂಡು ಬಾಡಿಗೆ ಕೇಳಿದವನನ್ನೂ ಹಿಡಿದಿದ್ದೇನೆ. ಕಳ್ಳನಿಗೊಂದು ಪಿಳ್ಳೆ ನೆವ, ಆ ನೆವಗಳೆಲ್ಲ ನನಗೆ ಬಾಯಿಪಾಠ.

ಆದರೆ ಸತ್ತವನ ಮೇಲೆ ನನ್ನನ್ನು ಛೂ ಬಿಟ್ಟಿದ್ದು ಅದೇ ಮೊದಲು.

ಕ್ಲೈವ್ ಹೆಸ್ಲಾಪ್. ನಮ್ಮ ಕಡೆಯ ಹಾರ್ಟ್ಲ್‌ಪೂಲಿನ ವೆಲ್ಡರ್, ಐವತ್ತಮೂರು ವರ್ಷ. ಹನ್ನೊಂದು ದಿನದ ಹಿಂದೆ ಪಕ್ಕದ ಊರಾದ ಫ್ಲಾರ್ಡಿಂಗನ್ ಬಂದರಿನ ನೀರಿನಲ್ಲಿ ಹೆಣವಾಗಿ ಸಿಕ್ಕಿದ. ಜೇಬಿನಲ್ಲಿ ಜಿನ್ ಬಾಟಲಿ. ಕುಡಿದು ಬಿದ್ದಿದ್ದಾನೆ ಅಂತ ಪೊಲೀಸರು ಷರಾ ಬರೆದು ಹೆಣವನ್ನು ಶವಾಗಾರಕ್ಕೆ ಕಳಿಸಿದರು. ಕುಡುಕನನ್ನು ಕೊಯ್ದು ನೋಡುವ ಪುರುಸೊತ್ತು ಯಾರಿಗಿದೆ?

ಬಂದರಿನ ಪಕ್ಕ ಟಿನೆಕೆ ಎಂಬ ವಿಧವೆಯ ಮನೆ. ಆ ಮನೆಯ ಅಟ್ಟದಲ್ಲಿದ್ದೇನೆಂದು ಹೆಸ್ಲಾಪ್ ಐದು ತಿಂಗಳು ಬಾಡಿಗೆ ರಸೀದಿ ಕಳಿಸಿದ್ದ. ಅವನು ಸತ್ತ ಮೇಲೆ ಏಜೆನ್ಸಿ ವಿಚಾರಿಸಿದರೆ ಆಕೆ ಬರೆದದ್ದು ಎರಡೇ ಸಾಲು: ಆ ಮನುಷ್ಯನನ್ನು ನಾನು ನೋಡಿಲ್ಲ. ರಸೀದಿಯ ಸಹಿ ನನ್ನದಲ್ಲ.

ಬೆಳಿಗ್ಗೆ ಲೀಡ್ಸ್‌ನಿಂದ ನನ್ನ ಬಾಸ್ ಜೆರಾಲ್ಡ್ ಪಿಮ್ ಫೋನ್ ಮಾಡಿದ.

"ಡೆನಿಸ್, ಹೋಗಿ ಬಾ. ಸುಳ್ಳು ರಸೀದಿ ಅಂತ ಒಂದು ಸಾಲು ಬರಿ, ಮುಗೀತು."

"ಬರೆದ್ರೆ?"

"ಸುಳ್ಳು ರಸೀದಿ ಕೊಟ್ಟೋನ ಕಂಟ್ರಾಕ್ಟ್ ರದ್ದು. ಕಂಟ್ರಾಕ್ಟ್ ರದ್ದಾದ್ರೆ ಇನ್ಶೂರೆನ್ಸೂ ರದ್ದು. ಹೆಣ ಊರಿಗೆ ಸಾಗಿಸೋ ತಲೆನೋವೂ ನಮಗಿಲ್ಲ."

"ಹೆಂಡತಿ ಇದಾಳಲ್ಲ ಸಾರ್?"

"ಇದ್ರೆ? ನಾನೇನು ಸಾಕ್ಲಾ?"

ಫೋನಿಟ್ಟ ಐದು ನಿಮಿಷಕ್ಕೆ ಆ ಹೆಂಡತಿಯೇ ಮಾಡಿದಳು. ಡೋರೀನ್. ಅಳಲಿಲ್ಲ. ಅತ್ತು ಮುಗಿಸಿದ ದನಿ.

"ಫೆನ್ವಿಕ್ ಅವರೇ, ನಮ್ಮೋರು ಮದುವೆ ದಿನ ಕೂಡ ಒಂದು ಹನಿ ಮುಟ್ಟಿಲ್ಲ. ಕುಡುಕ ಅಂದ್ರು, ಸುಮ್ನಿದ್ದೆ. ಈಗ ಕಳ್ಳ ಅಂತಿದಾರೆ. ಅದೊಂದನ್ನಾದ್ರೂ ಅಳಿಸಿಕೊಡಿ."

"ನೋಡ್ತೀನಿ ಕಣಮ್ಮ."

"ನೋಡ್ತೀನಿ ಅಂತ ಎಲ್ಲಾರೂ ಅಂತಾರೆ. ನೀವು ನೋಡಿ."

ಹೋದೆ.

ಟಿನೆಕೆ ಎಪ್ಪತ್ತರ ಮುದುಕಿ, ಗುಬ್ಬಚ್ಚಿಯಷ್ಟಿದ್ದಳು. ನನ್ನ ಕೋಟು ಈಸಿಕೊಂಡು ಬಾಗಿಲ ಬಳಿ ತೂಗುಹಾಕಿದಳು. ಕಾಫಿ ಕೊಟ್ಟಳು. ಡಬ್ಬದಿಂದ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಒತ್ತಿದಳು. ಅದು ಸರಿ. ಡಚ್ಚರ ಮನೆಯಲ್ಲಿ ಅತಿಥಿಗೆ ಒಂದೇ ಬಿಸ್ಕತ್ತು, ಮಂತ್ರಿ ಬಂದರೂ ಒಂದೇ.

"ಹೆಸ್ಲಾಪ್ ಅನ್ನೋರು ನಿಮ್ಮ ಅಟ್ಟದಲ್ಲಿ ಇದ್ರಾ, ಆಂಟಿ?"

"ಇಲ್ಲಪ್ಪ. ನಾನು ಬಾಡಿಗೆಗೆ ಕೊಡೋದೇ ಇಲ್ಲ."

"ರಸೀದಿ ಇದೆಯಲ್ಲ?"

"ಯಾರೋ ನನ್ನ ಹೆಸರು ಹಾಕ್ಕೊಂಡಿದಾರೆ." ಅಂದವಳೇ ಡಬ್ಬ ಮತ್ತೆ ತೆರೆದಳು. "ಇನ್ನೊಂದು ತಗೋ."

ಹದಿನೆಂಟು ವರ್ಷದಲ್ಲಿ ಯಾವ ಡಚ್ ಮನೆಯಲ್ಲೂ ನನಗೆ ಎರಡನೇ ಬಿಸ್ಕತ್ತು ಸಿಕ್ಕಿರಲಿಲ್ಲ!

ಈ ಮುದುಕಿ ಹೆದರಿದ್ದಾಳೆ. ಯೋಚಿಸಲು ಒಂದು ನಿಮಿಷ ಬೇಕಿತ್ತು, ಟಾಯ್ಲೆಟ್ ಎಲ್ಲಿ ಅಂತ ಕೇಳಿ ಎದ್ದೆ.

ಟಾಯ್ಲೆಟ್ ಬಾಗಿಲ ಹಿಂದೆ ಹುಟ್ಟುಹಬ್ಬದ ಕ್ಯಾಲೆಂಡರ್ ಇತ್ತು. ಡಚ್ಚರ ಮನೆಗಳಲ್ಲಿ ಅದರ ಜಾಗ ಅದೇ. ಅದರಲ್ಲಿ ವರ್ಷವಿಲ್ಲ, ವಾರವಿಲ್ಲ, ತಿಂಗಳು ತಾರೀಖು ಅಷ್ಟೇ. ಮನೆಯವರು, ನೆಂಟರು, ತೀರಾ ಬೇಕಾದವರ ಹೆಸರು ಮಾತ್ರ ಬರೆಯುತ್ತಾರೆ. ಮುಖ ನೋಡದವನ ಹೆಸರು ಅಲ್ಲಿಗೆ ಬರುವ ಮಾತೇ ಇಲ್ಲ.

ಅಕ್ಟೋಬರ್ ಹಾಳೆ. ಹತ್ತೊಂಬತ್ತನೇ ತಾರೀಖು. ನೀಲಿ ಶಾಯಿಯಲ್ಲಿ ನಡುಗುವ ಅಕ್ಷರ: ಕ್ಲೈವ್ ಹೆಸ್ಲಾಪ್!

ಜೇಬಿನಲ್ಲಿದ್ದ ಅವನ ಕೆಲಸದ ಅರ್ಜಿ ತೆಗೆದು ನೋಡಿದೆ. ಹುಟ್ಟಿದ ದಿನ, ಅಕ್ಟೋಬರ್ ಹತ್ತೊಂಬತ್ತು.

ಅಟ್ಟದ ಬಾಡಿಗೆದಾರ ಐದು ತಿಂಗಳಲ್ಲಿ ಮನೆಯವನೇ ಆಗಿಹೋಗಿದ್ದ. ಅವನ ಗುರುತನ್ನೆಲ್ಲ ಅಳಿಸಿದ ಮುದುಕಿ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳುವುದನ್ನೇ ಮರೆತಳು ಅಂದುಕೊಂಡೆ. ಹಾಳೆ ಹರಿದು ಅಂಗಿಯ ಒಳಗೆ ತೂರಿಸಿದೆ.

ಹೊರಬಂದರೆ ಎದುರಿಗೆ ಬೆಟ್ಟದಂಥ ಆಳು. ಟಿನೆಕೆಯ ಮಗ ವೆಸೆಲ್. ಹೆಸ್ಲಾಪ್ ದುಡಿಯುತ್ತಿದ್ದ ಕಡೆ ಅವನೇ ಮೇಸ್ತ್ರಿ.

"ಅಮ್ಮ ಫೋನ್ ಮಾಡಿದ್ಳು," ಎಂದು ನನ್ನನ್ನು ದಾಟಿ ಟಾಯ್ಲೆಟ್ಟಿಗೆ ಹೋದ. ನೀರು ಬಿಟ್ಟ ಸದ್ದು ಕೇಳಿಸಲಿಲ್ಲ. ಹೊರಬಂದಾಗ ಮುಖದಲ್ಲಿ ನಗುವಿತ್ತು.

"ಅಟ್ಟ ನೋಡ್ಬೇಕೇನೋ? ಮೇಲೆ ಚಳಿ. ಮೊದ್ಲು ನಾನು ಹೋಗಿ ಬೆಚ್ಚಗೆ ಮಾಡ್ತೀನಿ."

ಹೋಗಬಾರದಿತ್ತು. ಗೊತ್ತಿತ್ತು. ಆದರೆ ಡೋರೀನಿಗೆ ನೋಡುತ್ತೇನೆ ಅಂದಿದ್ದೆನಲ್ಲ!

ಹೋದೆ. ಚಿಲಕ ಬಿತ್ತು.

ಫೋನು ಕೆಳಗೆ ಕೋಟಿನಲ್ಲಿತ್ತು. ಕಾಲು ಸೋಲುತ್ತಿತ್ತು. ಕಣ್ಣು ಮುಚ್ಚಿದರೆ ಎಷ್ಟು ಹಿತ ಅನ್ನಿಸುತ್ತಿತ್ತು... ಕುಸಿದು ಮಂಡಿಯೂರಿದೆ. ಮಂಚದ ಕೆಳಗೆ, ಗೋಡೆಗೆ ಒತ್ತಿಕೊಂಡು, ಏನೋ ಕಂಡಿತು.

ಬೂಟು! ಉಕ್ಕಿನ ಮೂತಿಯ ಕೆಲಸದ ಬೂಟು. ಒಂದೇ. ಒಳಗೆ ಹೆಸ್ಲಾಪನ ಹೆಸರು. ಹೆಣ ಹೊರುವ ಅವಸರದಲ್ಲಿ ವೆಸೆಲ್ ಇದನ್ನು ನೋಡಿರಲಿಲ್ಲ.

ಮಂಚ ಹತ್ತಿ ಆ ಬೂಟಿನಿಂದಲೇ ಗಾಜಿಗೆ ಬಡಿದೆ. ಒಂದು... ಎರಡು... ಮೂರನೆಯದಕ್ಕೆ ಪುಡಿಯಾಯಿತು! ತಲೆ ಹೊರಗೆ ಹಾಕಿ ಗಾಳಿ ಎಳೆದುಕೊಂಡೆ. ಪಕ್ಕದಲ್ಲೇ ಹೀಟರಿನ ಹೊಗೆಕೊಳವೆ. ಅದರ ಬಾಯಿತುಂಬ ಕಡ್ಡಿ. ಕಾಗೆ ಗೂಡು ಕಟ್ಟಿತ್ತು, ಹೊಗೆಯೆಲ್ಲ ರೂಮಿಗೇ ವಾಪಸ್.

ಕ್ಲೈವನನ್ನು ಕೊಂದದ್ದು ಕಾಗೆ. ನನ್ನನ್ನು ಕೊಲ್ಲಲು ಹೊರಟದ್ದು ಮನುಷ್ಯರು.

ಗಾಜಿನ ಸದ್ದಿಗೆ ವೆಸೆಲ್ ಬಾಗಿಲು ತೆರೆದು ನುಗ್ಗಿ ನನ್ನ ಕಾಲು ಹಿಡಿದ.

"ಹಾಳೆ ಕೊಡು, ಬಿಡ್ತೀನಿ!"

"ಮೊದ್ಲು ಬಿಡೋ!"

"ನಾವು ಕೊಂದಿಲ್ಲ ಕಣೋ! ಬೆಳಿಗ್ಗೆ ನೋಡಿದ್ರೆ ಎದ್ದೇ ಇಲ್ಲ ಅವನು. ಪರ್ಮಿಟ್ ಇಲ್ದೆ ರೂಮು ಕೊಟ್ಟಿದ್ವಿ. ಅಮ್ಮ ಜೈಲಿಗೆ ಹೋಗ್ತಿದ್ಲು!"

"ಅದಕ್ಕೆ ನೀರಿಗೆ ಹಾಕಿದ್ಯಾ? ಜೇಬಿಗೆ ಬಾಟಲಿ ತುರುಕಿದ್ಯಾ?"

"ಸತ್ತೋನಿಗೆ ಏನಾಗ್ಬೇಕಿತ್ತು?"

ಅವನಿಗೇನೂ ಆಗಬೇಕಿರಲಿಲ್ಲ, ನಿಜ. ಹಾರ್ಟ್ಲ್‌ಪೂಲಿನಲ್ಲಿ ಒಬ್ಬಳು ಕೂತಿದ್ದಳು. ಸಿಟ್ಟು ನೆತ್ತಿಗೇರಿತು. ಬೂಟೆತ್ತಿ ಅವನ ಬೆರಳುಗಳಿಗೆ ಕೊಟ್ಟೆ. ಬಿಟ್ಟ!

ಹೆಂಚಿನ ಮೇಲೆ ಜಾರಿದೆ. ಪಕ್ಕದ ಮನೆಯ ಕೊಟ್ಟಿಗೆಯ ಮೇಲೆ ಬಿದ್ದೆ, ಅಲ್ಲಿಂದ ಗಲ್ಲಿಗೆ. ಪ್ಯಾಂಟು ಮಂಡಿಯವರೆಗೆ ಹರಿಯಿತು. ಬೂಟು ಕಂಕುಳಲ್ಲಿ, ಎದ್ದೆನೋ ಬಿದ್ದೆನೋ ಅಂತ ಓಡಿದೆ. ಬಂದರು ರಸ್ತೆಗೆ ಬರುವಷ್ಟರಲ್ಲಿ ಹಿಂದೆ ವ್ಯಾನಿನ ಸದ್ದು.

ನೇರ ನನ್ನ ಮೇಲೇ ಬರುತ್ತಿದ್ದ!

ಮುಂದೆ ಸೇತುವೆ. ಗಂಟೆ ಹೊಡೆಯುತ್ತಿತ್ತು. ದೊಡ್ಡ ದೋಣಿಯೊಂದು ಬರುತ್ತಿದೆ, ಸೇತುವೆ ಮೇಲೇಳುತ್ತಿದೆ. ಅಡ್ಡಗಂಬದ ಕೆಳಗೆ ನುಸುಳಿದೆ. ನಡುವೆ ಆಗಲೇ ಒಂದು ಮೊಳ ಬಾಯಿಬಿಟ್ಟಿತ್ತು, ಕೆಳಗೆ ಕಪ್ಪು ನೀರು. ಕಣ್ಮುಚ್ಚಿ ಹಾರಿದೆ!

ಆಚೆ ದಡದ ಕೋಣೆಯಿಂದ ಸೇತುವೆ ಕಾಯುವವನು ಅರಚಿದ. "ಏಯ್ ಹುಚ್ಚಾ! ಸಾಯ್ಬೇಕಾ?"

"ಬೇಡ ಅಂತಲೇ ಓಡ್ತಿರೋದು ಸ್ವಾಮಿ! ಪೊಲೀಸರಿಗೆ ಫೋನ್ ಮಾಡಿ!"

ತಿರುಗಿ ನೋಡಿದೆ. ವ್ಯಾನು ನಿಂತಿತ್ತು. ಅವನ ಮುಂದೆ ಸೇತುವೆ ಇಲ್ಲ, ಹಿಂದೆ ವಾಹನಗಳ ಸಾಲು. ವೆಸೆಲ್ ಎಂಜಿನ್ ಆರಿಸಿ ಸ್ಟೀರಿಂಗಿನ ಮೇಲೆ ತಲೆ ಇಟ್ಟ.

ಪೊಲೀಸರು ಹೋದಾಗ ಟಿನೆಕೆ ಅದೇ ಮೇಜಿನ ಮುಂದೆ ಕೂತಿದ್ದಳಂತೆ.

"ಒಂದನೇ ತಾರೀಖು ಹಾಳೆ ತಿರುವಿದಾಗ್ಲೇ ಅವನ ಹೆಸರು ಕಂಡಿತ್ತು," ಅಂದಳಂತೆ. "ಹರಿದು ಹಾಕು ಅಂದ ಮಗ. ಹರಿದೆ ಅಂತ ಸುಳ್ಳು ಹೇಳ್ದೆ, ಇವತ್ತು ಫೋನಲ್ಲಷ್ಟೇ ನಿಜ ಹೇಳಿದ್ದು. ಕೈ ಬರ್ಲಿಲ್ಲ. ಒಳ್ಳೆ ಹುಡುಗ ಆ ಕ್ಲೈವ್."

ಅವಳು ಮರೆತಿರಲಿಲ್ಲ. ನನಗೆ ಬಿಸ್ಕತ್ತು ಕೊಟ್ಟ ಕೈಯೂ ಅದೇ, ನಾನು ಅಟ್ಟ ಹತ್ತುವಾಗ ಸುಮ್ಮನೆ ಕೂತದ್ದೂ ಅದೇ ಮುದುಕಿ. ಇವತ್ತಿಗೂ ಅವಳ ಮೇಲೆ ಸಿಟ್ಟು ಮಾಡಬೇಕೋ ಬೇಡವೋ ನನಗೆ ತಿಳಿದಿಲ್ಲ.

ಈ ಸಲ ಡಾಕ್ಟರು ಹೆಣ ಕೊಯ್ದು ನೋಡಿದರು. ಶ್ವಾಸಕೋಶದಲ್ಲಿ ನೀರಿಲ್ಲ, ಹೊಟ್ಟೆಯಲ್ಲಿ ಹೆಂಡವಿಲ್ಲ. ರಕ್ತದ ತುಂಬ ಆ ಹೀಟರಿನ ವಿಷ.

ಪಿಮ್‌ಗೆ ಫೋನ್ ಮಾಡಿದೆ.

"ರಸೀದಿ ಎಲ್ಲಾ ನಿಜ ಸಾರ್. ಕೆಲಸಕ್ಕೆ ಬಂದ ಊರಲ್ಲಿ, ಬಾಡಿಗೆ ರೂಮಲ್ಲೇ ಸತ್ತಿದಾನೆ. ಇನ್ಶೂರೆನ್ಸ್ ಕೊಡಿ."

"ಟಾಯ್ಲೆಟ್ಟಲ್ಲಿ ಸಿಕ್ಕ ಕಾಗದ ಒಂದು ಸಾಕ್ಷಿನಾ ಡೆನಿಸ್?"

"ಕೋರ್ಟಿಗೆ ಬನ್ನಿ, ಜಡ್ಜನ್ನೇ ಕೇಳೋಣ."

ಬರಲಿಲ್ಲ. ಕೊಟ್ಟ.

ಅಕ್ಟೋಬರ್ ಹತ್ತೊಂಬತ್ತಕ್ಕೆ ಪೆಟ್ಟಿಗೆ ಹಾರ್ಟ್ಲ್‌ಪೂಲ್ ತಲುಪಿತು. ಡೋರೀನ್ ಫೋನ್ ಮಾಡಿ, "ನಮ್ಮೋರು ಬಂದ್ರು," ಅಂದಳು. ಅಷ್ಟೇ.

ಮಾರನೆಯ ದಿನ ನನ್ನ ಖರ್ಚಿನ ಅರ್ಜಿ ಕಳಿಸಿದೆ. ಹರಿದ ಪ್ಯಾಂಟು ಒಂದು. ವಸತಿ ಎಂಬ ಜಾಗದಲ್ಲಿ ಹೀಗೆ ತುಂಬಿದೆ: ಟಿನೆಕೆಯ ಮನೆ, ಅಟ್ಟದ ರೂಮು, ಇಪ್ಪತ್ತು ನಿಮಿಷ.

ಪ್ಯಾಂಟಿಗೆ ಒಪ್ಪಿಗೆ ಬಂತು. ವಸತಿಯನ್ನು ಪಿಮ್ ಹೊಡೆದುಹಾಕಿದ್ದ. ಕಾರಣವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದ...

"ರಾತ್ರಿ ತಂಗಿಲ್ಲ."