ಒಂದು ದಿನವೂ ತಪ್ಪದ ಹಾಜರಿ

ಹೆಂಡತಿ ಅಸ್ಮತ್ ಮಗಳನ್ನು ಕರೆದುಕೊಂಡು ಮಾನ್ವಿಯ ತವರು ಸೇರಿದಾಗ ಬಳೆ ವ್ಯಾಪಾರಿ ದಸ್ತಗೀರ್ ಸಾಬ್‌ಗೆ ದುಃಖ ಎಳ್ಳಷ್ಟೂ ಆಗಲಿಲ್ಲ. ಹೆಂಗಸಿಗೆ ಸೋತೆನೆಂಬ ಅವಮಾನ ಮಾತ್ರ ರಾಯಚೂರಿನ ಕೋಟೆಗಿಂತ ಎತ್ತರ ಬೆಳೆಯಿತು. ಐದು ವರ್ಷದ ಜೈನಾಬ್ ತಾಯಿಗೇ ಸೇರುತ್ತಾಳೆಂದು ರಾಯಚೂರಿನ ಏಳು ವಕೀಲರು ಒಂದೇ ಬಾಯಲ್ಲಿ ಹೇಳಿದರು. ಎಂಟನೆಯವನು ಒಂದು ಮಾತು ಹೆಚ್ಚು ಹೇಳಿದ: ಮಗು ಎಲ್ಲಿ ಕಾಯಂ ವಾಸವೋ ಅಲ್ಲಿಯ ಕೋರ್ಟಿಗೇ ಅಧಿಕಾರ.

ಅಷ್ಟು ಸಾಕಾಯಿತು. ದೆಹಲಿಯ ದರ್ಬಾರಿಗೂ ಹೊಳೆಯದ ಉಪಾಯ ದಸ್ತಗೀರ್‌ಗೆ ಹೊಳೆಯಿತು. ೧೯೭೮ರ ರಂಜಾನ್ ಹಬ್ಬಕ್ಕೆ ಎರಡೇ ದಿನ ಇಟ್ಟುಕೊಂಡು ಕಳಿಸುತ್ತೇನೆಂದು ಮಗಳನ್ನು ಕರೆತಂದ. ಅಸ್ಮತ್ ಎರಡೇ ಜೊತೆ ಬಟ್ಟೆ ಕಟ್ಟಿದ್ದಳು. ಅವನು ನೇರ ಆಂಧ್ರದ ಗಡಿ ದಾಟಿ, ಗದ್ವಾಲದ ಅಕ್ಕನ ಮನೆಯಲ್ಲಿ ಮಗುವನ್ನು ಇಳಿಸಿದ. ಅಲ್ಲಿಯ ಬಾಲವಾಡಿಯೊಂದರ ಮೇಷ್ಟ್ರನ್ನು ಒಲಿಸಿಕೊಂಡು, ಜೈನಾಬ್ ಹಿಂದಿನ ವರ್ಷದ ಜೂನ್‌ನಿಂದಲೂ ಅಲ್ಲೇ ಕಲಿಯುತ್ತಿದ್ದಾಳೆಂದು ಹಳೆಯ ಹಾಜರಿಯನ್ನು ಹೊಸದಾಗಿ ಬರೆಸಿದ. ಪುಟಗಳಿಗೆ ಚಹಾದ ಕಲೆಯನ್ನೂ ತಾನೇ ಹಚ್ಚಿದ. ಮೇಷ್ಟ್ರು ನಡುವೆ ನಾಲ್ಕು ಗೈರು ಹಾಕಹೋದರೆ ಕೈ ಹಿಡಿದ.

"ದಸ್ತಗೀರ್ ಸಾಬ್ ಮಗಳು ಸಾಲಿ ತಪ್ಪಸ್ತಾಳೇನ್ರೀ? ಎಲ್ಲಾ ಹಾಜರ್ ಬರೀರಿ!"

ದಾವೆ ಬಿದ್ದದ್ದು ಮೆಹಬೂಬನಗರದ ಕೋರ್ಟಿನಲ್ಲಿ. ತೆಲುಗು ಸಮನ್ಸ್ ಅಸ್ಮತ್ ಓದಲಾರಳು, ಕೃಷ್ಣೆ ದಾಟಿ ಬರಲಾರಳು, ತೀರ್ಪು ತಾನಾಗಿ ಮಡಿಲಿಗೆ ಬೀಳುತ್ತದೆ ಎಂಬುದು ಅವನ ಲೆಕ್ಕ.

ಅಸ್ಮತ್ ಬಂದಳು. ಜೊತೆಗೆ ಗುಂಡಿ ಕಿತ್ತ ಕೋಟಿನ ಮಾನ್ವಿ ವಕೀಲ ಶಂಶುದ್ದೀನ್. ಆ ಕೋಟು ನೋಡಿಯೇ ದಸ್ತಗೀರ್ ಅರ್ಧ ಗೆದ್ದ. ಕಟಕಟೆಯಲ್ಲಿ ವಕೀಲ ಕೇಳಿದ ಮೊದಲ ಪ್ರಶ್ನೆಗೆ ಪೂರ್ತಿ ಗೆದ್ದ.

"ಸಾಹೇಬ್ರ, ಮಗಳಿಗೆ ಮೊದಲ ಅಕ್ಷರ ಕಲಿಸೋ ಬಿಸ್ಮಿಲ್ಲಾ ಶಾಸ್ತ್ರಾನೂ ನೀವು ಮಾಡ್ಲಿಲ್ಲಂತ ಮಂದಿ ಆಡಾಕತ್ತಾರ?"

"ಯಾವ ಬೇವಕೂಫ್ ಅಂದಾಂವ? ರಾಯಚೂರಾಗ, ನನ್ನ ಮನ್ಯಾಗ, ನನ್ನ ತೊಡಿ ಮ್ಯಾಲೆ ಕುಂತು ಓದ್ಯಾಳ! ದೇವದುರ್ಗದಿಂದ ಎಂಟು ಬಸ್ ಮಂದಿ ಉಂಡು ಹೋದ್ರು!"

"ಸರಿಯಾದ ದಿನಾನೇ ಮಾಡಿದ್ರಿ?"

"ನಾಕು ವರ್ಷ, ನಾಕು ತಿಂಗಳು, ನಾಕು ದಿನ. ಒಂದು ತಾಸೂ ಆಚೆ ಈಚೆ ಇಲ್ಲ!"

ಶಂಶುದ್ದೀನ್ ದಸ್ತಗೀರನದೇ ಅರ್ಜಿಯಿಂದ ಹುಟ್ಟಿದ ದಿನ ಓದಿದ: ೧೯೭೩, ಮಾರ್ಚ್ ಹದಿನಾಲ್ಕು. ಬೆರಳು ಮಡಚಿ ಎಣಿಸಿದ: ೧೯೭೭, ಜುಲೈ ಹದಿನೆಂಟು, ಸೋಮವಾರ. ಆಮೇಲೆ ದಸ್ತಗೀರನೇ ಸಾಕ್ಷಿಗೆಂದು ಕೋರ್ಟಿಗೆ ಕೊಟ್ಟಿದ್ದ ಹಾಜರಿಯ ಚಹಾ ಕಲೆಯ ಪುಟ ತೆರೆದು ನ್ಯಾಯಾಧೀಶರ ಮುಂದಿಟ್ಟ. ಆ ಸೋಮವಾರ ಜೈನಾಬ್ ಗದ್ವಾಲದಲ್ಲಿ ಹಾಜರ್. ನ್ಯಾಯಾಧೀಶರು ಮಗುವನ್ನು ತಾಯಿಯ ಕೈಗೆ ಕೊಡಿಸಿ, ಮಗುವಿನ ದಾವೆ ರಾಯಚೂರಿನ ಕೋರ್ಟಿಗೆ ಸೇರಿದ್ದೆಂದು ಅರ್ಜಿ ಹಿಂತಿರುಗಿಸಿದರು. ಸುಳ್ಳು ಸಾಕ್ಷ್ಯದ ಮೊಕದ್ದಮೆಗೆ ಮಾತ್ರ ಅಧಿಕಾರ ಮೆಹಬೂಬನಗರದ್ದೇ ಎಂದರು. ಆ ವಿಷಯದಲ್ಲಿ ಯಾರಿಗೂ ತಕರಾರು ಇರಲಿಲ್ಲ.