ಮರದವರೆಗಿನ ಕಳ್ಳದಾರಿ

"ಇದು ಒಬ್ಬ ಮನುಷ್ಯನ ಕೆಲಸ ಅಲ್ಲ," ಎಂದರು ಅಧ್ಯಕ್ಷರು, ಹುಲ್ಲಿನ ನಡುವೆ ಸವೆದ ಅಡ್ಡದಾರಿಯ ಮಣ್ಣಿಗೆ ಊರುಗೋಲನ್ನು ಚುಚ್ಚಿ. "ಒಂದು ಗುಂಪೇ ಓಡಾಡಿರ್ಬೇಕು. ಇಲ್ಲಾಂದ್ರೆ ಎಮ್ಮೆ."

ಸ್ವಯಂಸೇವಕರ ಸಾಲಿನ ಕೊನೆಯಲ್ಲಿ ಗುದ್ದಲಿ ಹಿಡಿದು ನಿಂತಿದ್ದ ಬೇಕರಿಯವನು ತಲೆ ತಗ್ಗಿಸಿದ. ಅದು ಒಬ್ಬನೇ ಮನುಷ್ಯನ ಕೆಲಸವೆಂಬುದು ಅವನಿಗೆ ಗೊತ್ತಿತ್ತು. ಆ ಮನುಷ್ಯ ತಾನೇ ಎಂಬುದೂ ಗೊತ್ತಿತ್ತು. ಎಮ್ಮೆಯ ಹೋಲಿಕೆಯನ್ನು ಮಾತ್ರ ಅವನು ನಿರೀಕ್ಷಿಸಿರಲಿಲ್ಲ.

ಊರಂಚಿನ ಕೆರೆಯನ್ನು ಸುತ್ತಿಬರುವ ಕಾಲುಹಾದಿಯನ್ನು ಕಾಪಾಡುವುದು ಆ ಬಳಗದ ಕೆಲಸ. ಭಾನುವಾರ ಬೆಳಿಗ್ಗೆ ಸೇರಿ ಮುಳ್ಳು ಸವರುವರು, ಕೊಚ್ಚಿಹೋದ ಮೆಟ್ಟಿಲಿಗೆ ಕಲ್ಲು ಕೂರಿಸುವರು, ಮಳೆನೀರಿಗೆ ಕಾಲುವೆ ತೋಡುವರು. ಹಾದಿ ಬಿಟ್ಟು ಅಡ್ಡದಾರಿ ತುಳಿಯುವುದು ಅವರ ಪಾಲಿಗೆ ಮಹಾಪರಾಧ. ತುಳಿದಲ್ಲಿ ಹುಲ್ಲು ಸಾಯುತ್ತದೆ. ಹುಲ್ಲು ಸತ್ತಲ್ಲಿ ಮಣ್ಣು ಸಡಿಲುತ್ತದೆ. ಸಡಿಲಿದ ಮಣ್ಣು ಮೊದಲ ಮಳೆಗೇ ಕೆರೆಗಿಳಿಯುತ್ತದೆ. ಈ ಕಳ್ಳದಾರಿಯ ಮಣ್ಣು ಆಗಲೇ ಜೊಂಡಿನ ಬುಡ ಮುಟ್ಟಿತ್ತು. ಜೊಂಡಿನೊಳಗೆ ನೀರುಕೋಳಿಗಳ ಗೂಡುಗಳಿದ್ದವು.

"ಮುಂದಿನ ತಿಂಗಳು ನಗರಸಭೆ ಇಂಜಿನಿಯರ್ ಬರ್ತಾರೆ," ಎಂದರು ಅಧ್ಯಕ್ಷರು. "ಮಣ್ಣು ಹೀಗೇ ಜಾರ್ತಿದ್ರೆ ಈ ದಂಡೆಗೆ ಬೇಲಿ ಬೀಳುತ್ತೆ. ಆಮೇಲೆ ನಮಗೂ ಒಳಗೆ ಬಿಡಲ್ಲ."

ದಂಡೆಯ ಉಸ್ತುವಾರಿ ಡ್ರೈವಿಂಗ್ ಸ್ಕೂಲಿನ ಮೇಡಂ ಅವರದು. ಹಗಲೆಲ್ಲ ಊರಿನವರಿಗೆ ಕ್ಲಚ್ಚು ಗೇರು ಕಲಿಸಿ, ಸಂಜೆ ಇಲ್ಲಿ ಬಕೆಟ್ಟು ಬೋರಲು ಹಾಕಿ ಕುಳಿತು, ನೀರನ್ನು ಮುಚ್ಚುವ ಕಳೆಯನ್ನು ಕೊಕ್ಕೆಯಿಂದ ಎಳೆದು ದಡಕ್ಕೆ ಹಾಕುವುದು ಅವಳ ಕ್ರಮ. ಕೆರೆಯಲ್ಲಿ ಮತ್ತೆ ಆಕಾಶ ಕಾಣುತ್ತಿದ್ದುದು ಅವಳ ತೋಳಿನಿಂದ.

"ಕಳ್ಳ ಸಿಕ್ಕಿದ್ರೆ ಏನ್ಮಾಡ್ತೀರಿ ಮೇಡಂ?" ಎಂದು ಯಾರೋ ಕೇಳಿದರು.

"ಲೈಸೆನ್ಸ್ ಕ್ಯಾನ್ಸಲ್."

"ನಡೆಯೋಕೆ ಎಲ್ಲಿ ಲೈಸೆನ್ಸು?"

"ಕಾಲಿದ್ಯಲ್ಲ. ಅದನ್ನೇ ಕ್ಯಾನ್ಸಲ್ ಮಾಡ್ತೀನಿ."

ಅವಳ ನೋಟ ಸಾಲಿನುದ್ದಕ್ಕೂ ಸಾಗಿ, ಕೊನೆಯಲ್ಲಿ ನಿಂತಿತು. "ಸಂಜೆ ಕಾವಲಿಗೆ ನನಗೊಬ್ರು ಬೇಕು. ಗಟ್ಟಿ ಆಳು. ಬೇಕರಿಯವರೇ, ನೀವು ಬನ್ನಿ."

ಅಪರಾಧದ ಮೂಲ ಸರಳವಾಗಿತ್ತು. ಒಲೆ ಆರಿದ ಮೇಲೆ ಬೇಕರಿಯವನು ಪ್ರತಿ ಸಂಜೆ ಕಾಗದದ ಪೊಟ್ಟಣದಲ್ಲಿ ಎರಡು ಬನ್ನು ಕಟ್ಟಿಕೊಂಡು ಹೊರಡುವನು. ಒಂದು ಅವಳಿಗೆ, ಒಂದು ತನಗೆ. ರಸ್ತೆಯಿಂದ ದಂಡೆಯ ಇಳಿಜಾರಿಗೆ ಅಡ್ಡ ಇಳಿದರೆ ನಡುವೆ ಒಂದು ದೊಡ್ಡ ಮರ. ಅಲ್ಲಿಗೆ ಬರುವಷ್ಟರಲ್ಲಿ ಧೈರ್ಯ ಮುಗಿಯುತ್ತಿತ್ತು. ಮರದ ಮರೆಯಲ್ಲಿ ನಿಂತು, ಎರಡೂ ಬನ್ನುಗಳನ್ನು ತಾನೇ ತಿಂದು ಮರಳುವನು. ಧೈರ್ಯ ಕುಗ್ಗಿದ ಸಂಜೆಗಳು ಹೆಚ್ಚಿದಂತೆ ತಿಂದ ಬನ್ನು ಹೆಚ್ಚಿತು. ಬನ್ನು ಹೆಚ್ಚಿದಂತೆ ತೂಕ ಹೆಚ್ಚಿತು. ತೂಕ ಹೆಚ್ಚಿದಂತೆ ದಾರಿ ಆಳವಾಯಿತು. ತನ್ನ ಪಾದಗಳ ಕೆಳಗೆ ಅವಳ ಕೆರೆ ಹಾಳಾಗುತ್ತಿದೆ ಎಂಬುದು ಆ ಭಾನುವಾರದವರೆಗೆ ಅವನಿಗೆ ಹೊಳೆದಿರಲಿಲ್ಲ.

ಬೇಕರಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ಅವನ ಅಕ್ಕ. ಸುದ್ದಿ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಳ್ಳನ ಕೈಗೇ ಬೀಗದ ಕೈ ಕೊಟ್ರಾ!"

"ಅಕ್ಕಾ, ಮೆಲ್ಲಗೆ. ಗಿರಾಕಿಗಳಿದ್ದಾರೆ."

"ಹೋಗಿ ಹೇಳಿಬಿಡೋ, ನಾನೇ ಅಂತ."

"ಹೇಳಿದ್ರೆ ಮತ್ತೆ ನನ್ನ ಮುಖ ನೋಡಲ್ಲ."

"ಈಗೇನು ದಿನಾ ನೋಡ್ತಿದ್ದಾಳಾ? ನೀನು ಮರದ ಹಿಂದೆ ನಿಂತ್ರೆ, ಮರದ ಮುಖ ನೋಡ್ತಾಳೆ."

ಕಾವಲು ಶುರುವಾಯಿತು. ಅವಳು ಬೋರಲು ಬಕೆಟ್ಟಿನ ಮೇಲೆ, ಅವನು ಪಕ್ಕದ ಕಲ್ಲಿನ ಮೇಲೆ. ಅವಳ ತೊಡೆಯ ಮೇಲೆ ಕುಡುಗೋಲು. ಕಳ್ಳ ಬರಲಿಲ್ಲ. ಬರುವ ಸಂಭವವೂ ಇರಲಿಲ್ಲ. ಅವನು ಆಗಲೇ ಬಂದು ಕುಳಿತಾಗಿತ್ತು.

"ಈ ಕಳ್ಳ ತುಂಬಾ ಬುದ್ಧಿವಂತ," ಎಂದಳು ಅವಳು.

"ಅಷ್ಟೇನಿಲ್ಲ ಬಿಡಿ."

"ಏನಂದ್ರಿ?"

"ಅಷ್ಟೇನೂ ಇರ್ಲಿಕ್ಕಿಲ್ಲ ಅಂದೆ. ಊಹೆ."

ಅವಳು ಕಣ್ಣಂಚಿನಿಂದ ಅವನನ್ನು ನೋಡಿ, ಮತ್ತೆ ನೀರಿನ ಕಡೆಗೆ ತಿರುಗಿದಳು. ತುಟಿಯ ಒಂದು ಮೂಲೆ ಕದಲಿತೋ, ಸಂಜೆಯ ಬೆಳಕು ಹಾಗೆ ಆಡಿತೋ, ಅವನಿಗೆ ತಿಳಿಯಲಿಲ್ಲ.

ಬನ್ನು ಕೊನೆಗೂ ಅವಳ ಕೈ ಸೇರಿತು. ಅವಳು ಅದನ್ನು ಎರಡು ಭಾಗ ಮಾಡಿ ಮೆತ್ತನೆಯ ಒಳಗನ್ನು ಮೊದಲು ತಿನ್ನುವಳು. ಹೊರಗಿನ ಕಂದು ಸಿಪ್ಪೆಯನ್ನು ಕೊನೆಗೆ ಉಳಿಸುವಳು. ತಿನ್ನುತ್ತಾ ತನ್ನ ಶಿಷ್ಯರ ಕಥೆ ಹೇಳುವಳು.

"ಕೆಲವರಿಗೆ ಮುಂದೆ ಹೋಗೋಕೆ ಎಷ್ಟು ಭಯ ಅಂದ್ರೆ, ಗಾಡಿ ಸ್ಟಾರ್ಟ್ ಮಾಡ್ತಾರೆ, ಆಫ್ ಮಾಡ್ತಾರೆ. ಮತ್ತೆ ಸ್ಟಾರ್ಟ್, ಮತ್ತೆ ಆಫ್."

"ಪಾಪ," ಎಂದ ಬೇಕರಿಯವನು, ಹೃತ್ಪೂರ್ವಕವಾಗಿ.

"ಪಾಪ ಏನು? ಪೆಟ್ರೋಲ್ ನನ್ನದು."

ಕಳ್ಳ ಸಿಗದ ಪ್ರತಿ ಸಂಜೆಯೂ ಮರುಸಂಜೆಯನ್ನು ಖಾತ್ರಿ ಮಾಡುತ್ತಿತ್ತು. ಅವನು ಸುಖವಾಗಿದ್ದ; ಆ ಸುಖವೂ ಕದ್ದದ್ದೆಂಬುದು ಅವನನ್ನು ಒಳಗೊಳಗೇ ಕುಟುಕುತ್ತಿತ್ತು. ನಾಳೆ ಹೇಳಿಬಿಡುವೆನೆಂದುಕೊಳ್ಳುವನು. ನಾಳೆ ಬಂದು ಇವತ್ತಾಗುವುದು, ಅವಳು ಪೊಟ್ಟಣಕ್ಕೆ ಕೈ ಚಾಚಿ "ಇವತ್ತೇನು?" ಎನ್ನುವಳು, ಅವನು ಪೊಟ್ಟಣ ಬಿಚ್ಚುವನು.

ಒಂದು ಸಂಜೆ ಇಳಿಜಾರಿನ ಪೊದೆಯೊಳಗಿಂದ ಸೀಟಿ ಮೊಳಗಿತು. ಅಧ್ಯಕ್ಷರು ಯಾರಿಗೂ ಹೇಳದೆ ತಾವೂ ಕಾವಲು ಕುಳಿತಿದ್ದರು. ಅವರ ಕೈಯಲ್ಲಿ ರಿಟೈರಾದ ಪೋಸ್ಟ್‌ಮ್ಯಾನ್‌ರ ರಟ್ಟೆಯಿತ್ತು.

"ಕಳ್ಳ ಸಿಕ್ಕಿಬಿದ್ದ! ಅಡ್ಡದಾರೀಲಿ ಇಳೀತಿದ್ರು!"

"ಅಯ್ಯೋ ಸ್ವಾಮೀ, ನಾಯಿ ಓಡಿಹೋಯ್ತು, ಅದರ ಹಿಂದೆ ಬಂದೆ," ಎಂದರು ಮುದುಕರು.

"ಸಿಕ್ಕಿಬಿದ್ದೋರೆಲ್ಲ ನಾಯಿ ಹೆಸರೇ ಹೇಳೋದು. ನಾಳೆಯಿಂದ ನಿಮಗೆ ಹಾದಿ ಬಂದ್!"

ಮುದುಕರ ಮುಖ ಇಳಿಯಿತು. ಹೆಂಡತಿ ತೀರಿದ ಮೇಲೆ ಅವರು ನಾಲ್ಕು ಜನರನ್ನು ಮಾತಾಡಿಸುತ್ತಿದ್ದುದು ಆ ಹಾದಿಯಲ್ಲೇ ಎಂಬುದು ಎಲ್ಲರಿಗೂ ತಿಳಿದಿತ್ತು. ಮೇಡಂ ಅಧ್ಯಕ್ಷರನ್ನು ನೋಡುತ್ತಿರಲಿಲ್ಲ, ಮುದುಕರನ್ನೂ ನೋಡುತ್ತಿರಲಿಲ್ಲ, ಬೇಕರಿಯವನನ್ನೇ ನೋಡುತ್ತಿದ್ದಳು.

ಅವನು ಕಲ್ಲಿನಿಂದ ಎದ್ದ.

"ಅವರನ್ನ ಬಿಡಿ, ಅಧ್ಯಕ್ಷರೇ. ಆ ದಾರಿ ತುಳಿದಿದ್ದು ನಾನು."

"ನೀವಾ? ಒಬ್ರೇನಾ?" ಅಧ್ಯಕ್ಷರು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು. "ಹೂಂ. ಆಗ್ಬಹುದು. ಆದ್ರೆ ಯಾಕೆ?"

ಅವನು ಬನ್ನಿನ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದ.

"ದಂಡೆ ನನ್ನದು, ವಿಚಾರಣೆನೂ ನನ್ನದು," ಎಂದಳು ಮೇಡಂ. "ನೀವು ಇವರಿಗೆ ನಾಯಿ ಹುಡುಕಿಕೊಡಿ ಸಾರ್. ಕ್ಷಮೆ ಕೇಳೋದೂ ಮರೀಬೇಡಿ."

ಅವರು ಹೋದ ಮೇಲೆ ಅವಳು ಅವನನ್ನು ಮರದ ಬುಡಕ್ಕೆ ಕರೆದೊಯ್ದಳು.

"ಜನ ತುಳಿದ ದಾರಿ ಎಲ್ಲಾದ್ರೂ ಒಂದು ಕಡೆ ಮುಟ್ಟುತ್ತೆ. ನೀರಿಗೆ, ಬೆಂಚಿಗೆ, ಬಸ್ ಸ್ಟಾಪಿಗೆ. ಇದೊಂದೇ, ಮರದ ತನಕ ಬಂದು ನಿಂತುಬಿಟ್ಟಿದೆ. ಮರದಲ್ಲಿ ಹಣ್ಣಿಲ್ಲ, ಹೂವಿಲ್ಲ. ಏನಪ್ಪಾ ಇದೆ ಇಲ್ಲಿ ಅಂತ ನಾನೇ ಬಂದು ನಿಂತೆ. ಇಲ್ಲಿಂದ ಕಾಣಿಸಿದ್ದು ನನ್ನ ಬಕೆಟ್ಟು."

ಬೇಕರಿಯವನು ನೆಲ ನೋಡಿದ.

"ಮೊದಲು ಕೋಪ ಬಂತು. ಕುಡುಗೋಲು ತಂದಿದ್ದು ಅದಕ್ಕೇ. ಆಮೇಲೆ ಕೆಳಗೆ ನೋಡಿದ್ರೆ, ಊರಿನ ಇರುವೆಯೆಲ್ಲ ಇಲ್ಲೇ ಸೇರಿದೆ. ಬನ್ನಿನ ಚೂರಿಗೆ. ಬನ್ನು ತಿನ್ನೋ ಕಳ್ಳನನ್ನ ಕಡಿಯೋಕೆ ಮನಸ್ಸು ಬರ್ಲಿಲ್ಲ."

"ಮತ್ತೆ ಕಾವಲು ಯಾಕೆ ಹಾಕಿದ್ರಿ?"

"ನೀವೇ ಹೇಳ್ತೀರಿ ಅಂತ. ಇವತ್ತು ಆ ಹಿರಿಯರನ್ನ ಹಿಡಿದಾಗಲೂ ಸುಮ್ನಿದ್ದಿದ್ರೆ, ನಿಮ್ಮ ಜೊತೆ ಇನ್ನೊಂದು ಮಾತೂ ಆಡ್ತಿರಲಿಲ್ಲ ನಾನು."

"ಮಾತಾಡಿಸ್ಬೇಕು ಅಂತಲೇ ದಿನಾ ಬರ್ತಿದ್ದೆ, ಮೇಡಂ. ಮರದ ತನಕ ಧೈರ್ಯ ಇರ್ತಿತ್ತು."

"ಆಮೇಲೆ?"

"ಆಮೇಲೆ ಬನ್ ಇರ್ತಿತ್ತು."

ಅವಳು ಕೆಳತುಟಿ ಕಚ್ಚಿ ಬೇರೆ ಕಡೆ ತಿರುಗಿದಳು. ಹೆಗಲು ಮಾತ್ರ ಅಲುಗುತ್ತಿತ್ತು.

"ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ," ಎಂದ ಅವನು. ಒಮ್ಮೆ ಹೊರಟ ಮಾತು ಈಗ ನಿಲ್ಲುವಂತಿರಲಿಲ್ಲ. "ಆದ್ರೆ ನಿಮ್ಮ ಕೆರೆ ಹಾಳುಮಾಡಿದ್ದೀನಿ. ಮೊದಲು ಅದನ್ನ ಸರಿಮಾಡ್ತೀನಿ."

"ಮಾಡಿ. ನನ್ನ ಉತ್ತರ ಇಂಜಿನಿಯರ್ ಬಂದುಹೋದ್ಮೇಲೆ."

ಅವನು ಕೆಲಸಕ್ಕೆ ಬಿದ್ದ. ಗಟ್ಟಿಯಾದ ನೆಲವನ್ನು ಗುದ್ದಲಿಯಿಂದ ಕೆದಕಿದ. ಇಳಿಜಾರಿಗೆ ಅಡ್ಡಲಾಗಿ ಕಲ್ಲು ಹೂಡಿದ. ಬೇರೆಡೆಯಿಂದ ಮಣ್ಣುಸಮೇತ ಹುಲ್ಲು ಕಿತ್ತು ತಂದು ಕೂರಿಸಿದ. ಮೇಲೆ ಮುಳ್ಳುಕೊಂಬೆ ಹರಡಿದ. ಹಿಟ್ಟು ನಾದಿ ಪಳಗಿದ ಕೈಗೆ ಮಣ್ಣು ಒಗ್ಗಿತು. ಅವಳು ನೀರು ಹೊತ್ತು ತಂದು ಕೊಟ್ಟಳು. ಸಹಾಯವೆಂದು ಒಪ್ಪಲಿಲ್ಲ, ತಪಾಸಣೆ ಎಂದಳು. ಅಕ್ಕ ಒಂದು ದಿನ ಬಂದು ನೋಡಿ, "ಅಂಗಡೀಲಿ ಒಂದು ಮೂಟೆ ಎತ್ತೋಕೆ ಸೊಂಟನೋವು ಇವನಿಗೆ," ಎಂದು ಮೇಡಂಗೆ ವರದಿ ಒಪ್ಪಿಸಿ ಹೋದಳು.

ಇಂಜಿನಿಯರ್ ಬಂದರು. ದಂಡೆ ಇಳಿದರು, ಹತ್ತಿದರು, ಹುಲ್ಲನ್ನು ಕಾಲಿನಿಂದ ಒತ್ತಿ ನೋಡಿದರು. ನೀರುಕೋಳಿಯೊಂದು ಮರಿಗಳೊಡನೆ ಜೊಂಡಿನಿಂದ ಹೊರಬಂದು, ಅವರನ್ನು ಕಂಡು ಮತ್ತೆ ಒಳಸೇರಿತು. "ಬೇಲಿ ಏನೂ ಬೇಡ ಬಿಡಿ," ಎಂದು ಅವರು ಜೀಪು ಹತ್ತಿದರು.

ಅಂದು ಸಂಜೆ ಮನೆಗೆ ಹೊರಟಾಗ ಬೇಕರಿಯವನು ಗುದ್ದಲಿ ಹೆಗಲಿಗೇರಿಸಿ ಕಾದು ನಿಂತಿದ್ದ. ಮೇಡಂ ಕೊಕ್ಕೆ ತೊಳೆದಳು, ಕೈ ತೊಳೆದಳು, ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಆತುರಪಡುವ ಲಕ್ಷಣವೇ ಇರಲಿಲ್ಲ.

"ಉತ್ತರ?" ಎಂದ ಅವನು.

"ಹಾದೀಲೇ ಹೋಗೋಣ, ಸುತ್ತುಹಾಕಿಕೊಂಡು. ಮುಂದೆ ನೀವು ನಡೀರಿ."

"ಜೊತೇಲಿ ನಡೆಯೋಣ ಅಂತಿದ್ದೆ."

"ಇಬ್ಬರು ಜೋಡಿಯಾಗಿ ನಡೆದ್ರೆ ಅಂಚಿನ ಹುಲ್ಲು ಸಾಯುತ್ತೆ. ಇಲ್ಲಿ ಒಬ್ಬರ ಹಿಂದೆ ಒಬ್ಬರು."

"ಹಾಗಾದ್ರೆ ನೀವು ಮುಂದೆ ಹೋಗಿ, ಮೇಡಂ."

"ಊಹೂಂ. ಇಷ್ಟು ದಿನ ನೀವು ನೋಡಿದ್ದಾಯ್ತು. ಈಗ ನನ್ನ ಸರದಿ."

ಬೇಕರಿಯವನು ಮುಂದೆ ನಡೆದ. ಮೂವತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ, ನಡೆಯುವುದು ಹೇಗೆಂಬುದು ಅವನಿಗೆ ಮರೆತುಹೋಗಿತ್ತು.